ಟೇಕಲ್‌ನ ಗಾಜಿನ ಕೋಣೆ

ಟೇಕಲ್ ಬೆಟ್ಟದ ಬಂಡೆಯನ್ನೇ ಗೋಡೆ ಮಾಡಿಕೊಂಡು ಕಟ್ಟಿದ ಹೊಸ ಹೋಟೆಲು. ಆಕಾಶಕ್ಕೆ ತೆರೆದ ಬಚ್ಚಲಿನ ಫೋಟೊ ನೋಡಿಯೇ ನಾನೂ ಹೆಂಡತಿ ಶೈಲಜಾಳೂ ಹೊರಟು ಬಂದಿದ್ದೆವು. ಸಂಜೆ ಸ್ನಾನಕ್ಕೆ ಹೋದವಳು ಒಳಗಿಂದ ಮೆಲ್ಲಗೆ ಕರೆದಳು: “ರೀ, ಬಾಗಿಲು ತೆಗೀರಿ. ಕೂಗ್ಬೇಡಿ.”

ತೆಗೆದೆ. ಬಂಡೆಯ ಅಂಚಿನಲ್ಲಿ ಚಿರತೆಯೊಂದು ಮಲಗಿ ಅವಳನ್ನೇ ನೋಡುತ್ತಿತ್ತು. ಅದರಿಂದ ಕಣ್ಣು ಕೀಳದೆ ಅವಳು ಹಿಂದಹಿಂದಕ್ಕೆ ಹೆಜ್ಜೆಯಿಟ್ಟಳು. ಒದ್ದೆ ತೋಳು ಹಿಡಿದು ಒಳಗೆಳೆದುಕೊಂಡು ಬಾಗಿಲು ಮುಚ್ಚಿದೆ. ಮ್ಯಾನೇಜರಿಗೆ ಫೋನ್ ಮಾಡಿದೆ.

“ಕೆಳಕ್ಕೆ ಇಳೀತಾ ಸಾರ್?”

“ಇಲ್ಲ, ಮೇಲೇ ಐತೆ.”

“ಗಾಜಿನ ಹತ್ರ ನಿಂತ್ಕೋಬೇಡಿ. ಜನ ಕರ್ಕೊಂಡು ಈಗ್ಲೇ ಬರ್ತೀವಿ.”

ಕೋಣೆಯ ಮೂರು ಕಡೆಯೂ ಗಾಜೇ. ನೋಟ ಕೆಡಬಾರದೆಂದು ಪರದೆಯನ್ನೂ ಹಾಕಿರಲಿಲ್ಲ. ಶೈಲಜಾ ಮಂಚದ ನಡುವೆ ಮುದುಡಿ ಕೂತು ನನ್ನ ಅಂಗಿ ಬಿಗಿಯಾಗಿ ಹಿಡಿದುಕೊಂಡಳು. ತಿರುಗಿ ಗಾಜಿನಾಚೆ ನೋಡಿದೆ. ಬಂಡೆಯ ಮೇಲೆ ಏನೂ ಇರಲಿಲ್ಲ.