ಬಾಂಬರ್ ಅಜ್ಜನ ಜೀಪಿಗೆ ನಿಂಬೆಹಣ್ಣು

ಸ್ವೀಡನ್ನಿನಲ್ಲಿ ನಾನು ಕಾರು ಡಿಸೈನ್ ಮಾಡುತ್ತಿದ್ದೆ. ಆದರೆ ಅಲ್ಲಿ ನನ್ನ ಹೆಸರು ಮೆರೆದದ್ದು ಹ್ಯಾಂಡಲ್ ಹೊಡೆದದ್ದಕ್ಕೆ.

ಎರಡನೇ ಮಹಾಯುದ್ಧದಲ್ಲಿ ಪೆಟ್ಟು ತಿಂದ ಅಮೆರಿಕದ ಬಾಂಬರ್ ವಿಮಾನಗಳು ಬಂದಿಳಿಯುತ್ತಿದ್ದ ಹಳೇ ಏರ್‌ಫೀಲ್ಡಿನಲ್ಲಿ ಅವತ್ತು ಸ್ಮರಣೆಯ ಕಾರ್ಯಕ್ರಮ. ಆ ಬಾಂಬರ್ ಪಡೆಯಿಂದ ಬಂದಿದ್ದವರು ಒಬ್ಬರೇ, ಎಂಬತ್ತು ದಾಟಿದ ಅಜ್ಜ. ರನ್‌ವೇಯ ಆ ತುದಿಯಲ್ಲಿ ತಮ್ಮ ವಿಮಾನ ನಿಂತ ಜಾಗವನ್ನು ಸಾಯುವುದರೊಳಗೆ ಒಮ್ಮೆ ನೋಡಬೇಕಂತೆ. ಮಂಡಿನೋವು, ನಡೆಯಲಾಗದು. ಕರೆದೊಯ್ಯಬೇಕಿದ್ದ ಯುದ್ಧಕಾಲದ ಜೀಪು ಸ್ಟಾರ್ಟೇ ಆಗದು. ಸ್ವೀಡನ್ನಿನವರು ಅದರ ಸುತ್ತ ನಿಂತು ಮೆಲ್ಲಗೆ ಚರ್ಚಿಸುತ್ತಿದ್ದರು.

"ಸ್ವಲ್ಪ ಸರೀರಿ," ಎಂದೆ. ಊರಿನ ಡೀಸೆಲ್ ಪಂಪಿಗೆ ಹತ್ತು ವರ್ಷ ಹ್ಯಾಂಡಲ್ ಹೊಡೆದ ತೋಳು ಇದು! ಜೀಪಿನ ಮೂತಿಗೆ ಹ್ಯಾಂಡಲ್ ತೂರಿಸಿ ತಿರುಗಿಸಿದೆ. ಮೂರನೇ ಸುತ್ತಿಗೇ ಜೀಪು ಗುಡುಗಿತು, ಜನ ಚಪ್ಪಾಳೆ ಹೊಡೆದರು. ಅಷ್ಟಕ್ಕೇ ಬಿಡುವವನೇ ನಾನು? ಊಟದ ಮೇಜಿನ ಮೀನಿನ ತಟ್ಟೆಯಿಂದ ನಾಲ್ಕು ನಿಂಬೆಹಣ್ಣು ಎತ್ತಿ ಚಕ್ರಗಳ ಮುಂದಿಟ್ಟೆ.

"ಅದು ಊಟಕ್ಕೆ!" ಎಂದು ಬಡಿಸುತ್ತಿದ್ದ ಯಜಮಾನಿ ಕೂಗಿದರು.

"ಮೀನು ಕಾಯಲಿ ಮೇಡಂ. ಗಾಡಿ ಹೊರಡೋ ಮುಂಚೆ ಇದು ಆಗಲೇಬೇಕು."

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸರಿಯಾಗಿ ಮಾಡಿದೆ ಮಗನೇ! ನಾವೂ ಹಾರೋ ಮುಂಚೆ ಪ್ರತಿ ಸಲ ವಿಮಾನದ ಚಕ್ರಕ್ಕೆ ಉಚ್ಚೆ ಹೊಯ್ತಿದ್ವಿ. ಒಂದೇ ಒಂದು ದಿನ ಅವಸರದಲ್ಲಿ ಮರೆತ್ವಿ. ನೋಡು, ಸ್ವೀಡನ್ನಿಗೆ ಬಂದು ಬಿದ್ವಿ!"

ನಾಲ್ಕೂ ಹಣ್ಣು ಪಚಕ್ಕೆಂದವು. ರನ್‌ವೇ ತುದಿಯಲ್ಲಿ ಅಜ್ಜ ಇಳಿದು, ಕೋಲಿನಿಂದ ನೆಲ ಕುಟ್ಟಿ, "ಇಲ್ಲೇ! ಇಲ್ಲೇ!" ಎಂದು ಹುಡುಗನಂತೆ ಕೂಗಿದರು.

ಮರುವರ್ಷ ಆ ಯಜಮಾನಿಯಿಂದಲೇ ಆಮಂತ್ರಣ ಬಂತು. ನಾಲ್ಕು ನಿಂಬೆಹಣ್ಣು ಹೆಚ್ಚಿಗೆ ತರಿಸಿದ್ದಾರಂತೆ. ಅಜ್ಜನ ಪದ್ಧತಿಗೆ ಏನು ಏರ್ಪಾಡು ಅಂತ ಮಾತ್ರ ಬರೆದಿರಲಿಲ್ಲ.