ಮಣೆ ಮೇಲೆ ನಿಂತು ತಿರುಗಿಸುವ ನಲ್ಲಿ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಹಾಸನದಲ್ಲಿ ವಿದ್ಯುತ್ ಪರಿವೀಕ್ಷಕನಾಗಿದ್ದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳೂ ನನ್ನ ಪಾಲಿಗೇ ಬರುತ್ತಿದ್ದವು. ಅಕ್ಕಿ ಗಿರಣಿ, ಕಲ್ಯಾಣ ಮಂಟಪ, ಚಿತ್ರಮಂದಿರಗಳ ವೈರಿಂಗ್ ನೋಡುವುದು, ಕರೆಂಟ್ ಹೊಡೆದು ದನವೋ ಜನವೋ ಸತ್ತರೆ ಹೋಗಿ ಕಾರಣ ಬರೆಯುವುದು ನನ್ನ ಕೆಲಸ. ಎರಡನೆಯದಕ್ಕೆ ಯಾವಾಗಲೂ ಎಲ್ಲ ಮುಗಿದ ಮೇಲೆಯೇ ಹೋಗಬೇಕು. ಹಾಗಾಗಿ, ಯಾರೂ ಸಾಯುವ ಮೊದಲೇ ಒಬ್ಬರು ಬಂದು ಕರೆದರೆ ನಮಗೆ ಆಶ್ಚರ್ಯ. ಸವಿತಾ ಎಂಬ ಹೆಣ್ಣುಮಗಳು ಹಾಗೆ ಬಂದಳು.

ಬಿರುಬೇಸಿಗೆ. ಏಳು ತಿಂಗಳ ಬಸುರಿ, ಆಟೋ ಹಿಡಿದು ಒಬ್ಬಳೇ ಕಚೇರಿಗೆ ಬಂದಿದ್ದಳು. ಗೊಬ್ಬರದ ಅಂಗಡಿ ನಂಜುಂಡಪ್ಪನವರ ಸೊಸೆ ಎಂದು ಪರಿಚಯ ಹೇಳಿಕೊಂಡಳು. ಕುರ್ಚಿ ತೋರಿಸಿದೆ. ಕೂರುವ ಮೊದಲೇ ಶುರು ಮಾಡಿದಳು.

"ಸಾ, ಅಡ್ಗೆ ಮನೆ ನಲ್ಲಿ ಮುಟ್ಟುದ್ರೆ ಜುಮ್ ಅಂತದೆ. ನಮ್ಮತ್ತೆ ನಲ್ಲಿ ಮುಂದೆ ಒಂದು ಮಣೆ ಆಕವ್ರೆ. ಮಣೆ ಮ್ಯಾಲೆ ನಿಂತ್ಕಂಡ್ರೆ ಒಡಿಯಾಕಿಲ್ಲ. ಏನ್ ಕೇಳುದ್ರೂ, ಮಣೆ ಮ್ಯಾಲೆ ನಿಂತ್ಕಳವ್ವ ಅಂತಾರೆ. ಎಷ್ಟು ದಿನ ಅಂತ ನಾನು ಮಣೆ ಮ್ಯಾಲೆ ನಿಂತ್ಕಂಡೇ ಬಾಳ್ವೆ ಮಾಡ್ಲಿ?"

ಅಡುಗೆ ಮನೆಯೊಳಗೆ ಚಪ್ಪಲಿ ಹಾಕುವ ರೂಢಿ ನಮ್ಮಲ್ಲಿಲ್ಲ. ಊಟಕ್ಕೆ ಕೂರುವ ಮಣೆಯೇ ಆ ಮನೆಗೆ ಸುರಕ್ಷತಾ ಸಾಧನವಾಗಿತ್ತು. ನಗು ಬಂತು. ಆದರೆ ಹೊರಡುವ ಮುಂಚೆ ಅವಳು ಇನ್ನೊಂದು ಮಾತು ಸೇರಿಸಿದಳು. "ಈಗೀಗ ಗ್ಯಾಸ್ ಒಲೆನೂ ಜುಮ್ ಅಂತದೆ ಸಾ. ಪೈಪ್ ಗ್ಯಾಸ್ ನಾಳೆ ಬೆಳಿಗ್ಗೆ ಬಿಡ್ತಾರಂತೆ." ನನ್ನ ನಗು ಅಲ್ಲಿಗೇ ನಿಂತಿತು. ಮಲ್ಟಿಮೀಟರ್ ಚೀಲಕ್ಕೆ ಹಾಕಿಕೊಂಡು ಅವಳ ಜೊತೆಗೇ ಹೊರಟೆ.

ಮನೆ ಮೂವತ್ತು ವರ್ಷ ಹಳೆಯದು, ಗಟ್ಟಿಮುಟ್ಟಾದದ್ದು. ನಂಜುಂಡಪ್ಪನವರು ಕಾಫಿ ಕೊಡಿಸಿ, "ಬಸ್ರಿ ಎಂಗ್ಸು, ಸುಮ್ನೆ ಎದ್ರುಕಂಡವ್ಳೆ. ನಿಮ್ಗೆ ತೊಂದ್ರೆ ಕೊಟ್ಬುಟ್ಳು" ಎಂದರು. ನಾನು ಮೀಟರಿನ ಒಂದು ಕಡ್ಡಿಯನ್ನು ನಲ್ಲಿಗೂ ಇನ್ನೊಂದನ್ನು ಒದ್ದೆ ನೆಲಕ್ಕೂ ಹಿಡಿದೆ. ತೊಂಬತ್ತು ವೋಲ್ಟ್. ಒಲೆಗೆ ಹಿಡಿದರೂ ಹೆಚ್ಚುಕಡಿಮೆ ಅಷ್ಟೇ. ಒದ್ದೆ ಕಾಲಿನ ಮನುಷ್ಯನನ್ನು ಮುಗಿಸಲು ಅಷ್ಟು ಸಾಕು. ನಂಜುಂಡಪ್ಪನವರಿಗೆ ಮೀಟರ್ ತೋರಿಸಿದೆ. ಅವರು ಕಾಫಿ ಲೋಟ ಕೆಳಗಿಟ್ಟರು. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಹುಡುಕಲು ಕೂತೆ.

ಇಲ್ಲಿ ಅರ್ಥಿಂಗ್ ಬಗ್ಗೆ ಸ್ವಲ್ಪ ಹೇಳಬೇಕು. ಮನೆಯ ಯಾವುದಾದರೂ ಉಪಕರಣದ ಮೈಗೆ ಕರೆಂಟ್ ಸೋರಿದರೆ ಅದು ಮನುಷ್ಯನ ಮೂಲಕ ಹೋಗದೆ ನೇರ ಭೂಮಿಗೆ ಇಳಿಯಲಿ ಎಂದು ಒಂದು ತಂತಿಯನ್ನು ನೆಲದಲ್ಲಿ ಹೂಳಿರುತ್ತಾರೆ. ಅದಕ್ಕೆ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಬೇಕು. ಆ ಕೆಲಸ ಯಾರಿಗೆ ಬೇಕು? ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಆ ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತಿಬಿಟ್ಟಿದ್ದಾರೆ. ಪೈಪ್ ಹೇಗೂ ಮಣ್ಣಿನಲ್ಲಿ ಹೋಗುತ್ತದಲ್ಲ, ಸಾಕು ಎಂಬ ಲೆಕ್ಕ. ಅದು ತಪ್ಪು. ಆದರೂ ಪೈಪ್ ಇರುವ ತನಕ ಹೇಗೋ ನಡೆದುಕೊಂಡು ಹೋಗುತ್ತದೆ.

ನಂಜುಂಡಪ್ಪನವರ ಮನೆಯಲ್ಲಿ ಆ ಪೈಪೇ ಇರಲಿಲ್ಲ. ತುಕ್ಕು ಹಿಡಿದಿತ್ತು ಎಂದು ಪ್ಲಂಬರ್ ರಂಗಸ್ವಾಮಿ ನೆಲದೊಳಗಿನದನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಹಾಕಿದ್ದ. ಅರ್ಥ್ ತಂತಿ ಸುತ್ತಿದ್ದ, ನಲ್ಲಿಗಳಿಗೆ ಹೋಗುವ ಗೋಡೆಯೊಳಗಿನ ಕಬ್ಬಿಣದ ತುಂಡನ್ನು ಮಾತ್ರ ಹಾಗೇ ಬಿಟ್ಟಿದ್ದ. ಅರ್ಥ್ ತಂತಿಯ ಕೊನೆ ಅತ್ತ ಭೂಮಿಯೂ ಇಲ್ಲ, ಇತ್ತ ಆಕಾಶವೂ ಇಲ್ಲ ಎನ್ನುವಂತೆ ತ್ರಿಶಂಕುವಾಗಿತ್ತು. ಅದೇ ಹೊತ್ತಿಗೆ ಸ್ನಾನದ ಮನೆಯ ಗೀಸರ್ ಒಳಗೆ ಸೋರಲು ಶುರುವಾಗಿತ್ತು. ಸೋರಿದ ಕರೆಂಟ್ ನಲ್ಲಿಗಳಿಗೆಲ್ಲ ಹಂಚಿಕೆಯಾಯಿತು.

ಇಂಥದ್ದು ಆದಾಗ ತಾನಾಗಿ ಬಿದ್ದು ಕರೆಂಟ್ ಕಡಿಯಲಿ ಎಂದೇ ಬೋರ್ಡಿನಲ್ಲಿ ಒಂದು ಸ್ವಿಚ್ ಇರುತ್ತದೆ, ಇಎಲ್‌ಸಿಬಿ ಎಂದು. ಅದೆಲ್ಲಿ ಎಂದು ಕೇಳಿದೆ.

"ಗೀಸರ್ ಆಕುದ್ರೆ ಸಾಕು, ಪಟ್ ಅಂತ ಬಿದ್ದೋಗೋದು ಸಾ" ಎಂದರು ನಂಜುಂಡಪ್ಪನವರು. "ಬಲೇ ಕಾಟ ಕಣ್ರೀ ಅದ್ರುದ್ದು. ಎಲೆಕ್ಟ್ರಿಷಿಯನ್‌ಗೆ ಏಳಿ ತೆಗ್ಸಾಕ್‌ಬುಟ್ಟೆ."

ಬೊಗಳುತ್ತದೆ ಎಂದು ಕಾವಲು ನಾಯಿಯನ್ನು ಓಡಿಸಿದ ಹಾಗಾಯಿತು. ಹೇಳಿಯೇಬಿಟ್ಟೆ.

ಒಲೆಗೆ ಕರೆಂಟ್ ಬಂದದ್ದು ಹೇಗೆ? ಹಿತ್ತಲಿಗೆ ಹೋಗಿ ನೋಡಿದೆ. ಗೋಡೆಯ ಮೇಲೆ ಹೊಳೆಯುವ ಹೊಸ ಗ್ಯಾಸ್ ಪೈಪ್, ಒಳಗೆ ಆಗಲೇ ಒಲೆಗೆ ಸೇರಿಸಿಯಾಗಿತ್ತು. ಅದರ ಕುತ್ತಿಗೆಗೆ ನೀಟಾಗಿ ಮೂರು ಸುತ್ತು ಹಾಕಿ ಬಿಗಿದ ಅರ್ಥ್ ತಂತಿ. ನಲ್ಲಿ ಹೊಡೆಯುತ್ತದೆ ಎಂದು ಕರೆಸಿದ್ದಾಗ ಎಲೆಕ್ಟ್ರಿಷಿಯನ್ ಮಂಜಣ್ಣ ಮಾಡಿದ ರಿಪೇರಿ ಅದು. ಅಡಿಯಲ್ಲಿ ಆ ಪೈಪ್ ಗೇಣುದ್ದ ಒಣ ಮಣ್ಣಿಗೆ ಇಳಿದು, ಅಲ್ಲಿಂದ ಮುಂದೆ ಹಳದಿ ಪ್ಲಾಸ್ಟಿಕ್ ಪೈಪಿಗೆ ಸೇರುತ್ತದೆ. ಹೊಡೆತ ಸ್ವಲ್ಪ ಕಡಿಮೆಯಾಯಿತು, ಮನೆಯವರಿಗೆ ಸಮಾಧಾನವಾಯಿತು. ಆದರೆ ಸೋರುವ ಕರೆಂಟ್ ಈಗ ಗ್ಯಾಸ್ ಪೈಪಿನಲ್ಲಿ ಹರಿಯುತ್ತಿತ್ತು. ನಾಳೆ ಗ್ಯಾಸ್ ಬಿಟ್ಟ ಮೇಲೆ ಯಾರಾದರೂ ಒಂದು ಜಾಯಿಂಟ್ ಸಡಿಲಿಸಿದರೆ ಕಿಡಿ, ಪಕ್ಕದಲ್ಲೇ ಗ್ಯಾಸ್. ಒಲೆ ಮುಂದೆ ನಿಲ್ಲುವವಳು ಸವಿತಾ. ಆ ತಂತಿ ನೋಡಿ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಪ್ಲಂಬರ್, ಎಲೆಕ್ಟ್ರಿಷಿಯನ್, ಗ್ಯಾಸ್ ಪೈಪ್ ಹಾಕಿದವನು, ಮೂವರನ್ನೂ ಕರೆಸಿ ಎಂದೆ. ರಂಗಸ್ವಾಮಿ ಶಾಂತಿಗ್ರಾಮದಲ್ಲಿದ್ದ, ಮಂಜಣ್ಣ ಹೊಳೆನರಸೀಪುರದಲ್ಲಿ. ಗ್ಯಾಸ್ ಗುತ್ತಿಗೆದಾರನ ಕಡೆಯ ಫಿಟ್ಟರ್ ದಿನೇಶ ಮಾತ್ರ ಪಕ್ಕದ ಬೀದಿಯಲ್ಲೇ ಇದ್ದ, ಬಂದದ್ದು ಎಲ್ಲರಿಗಿಂತ ಕೊನೆಗೆ. ಸಂಜೆಯ ಹೊತ್ತಿಗೆ ಮೂವರೂ ಅಡುಗೆ ಮನೆಯಲ್ಲಿ ಸೇರಿದರು.

"ನಂದು ನೀರಿನ್ ಕೆಲ್ಸ ಸಾ" ಎಂದ ರಂಗಸ್ವಾಮಿ. "ನೀರು ಬತ್ತಾ ಐತೋ ಇಲ್ವೋ ಕೇಳಿ. ಕರೆಂಟ್ ಇಚಾರ ನಂಗೇನ್ ಗೊತ್ತು?"

"ನೀರಿನ್ ಪೈಪ್ ತೆಗ್ದಿದ್ದು ಅವ್ನು. ನಾನು ಇದ್ದುದ್ರಲ್ಲಿ ಒಳ್ಳೆ ಪೈಪ್ ನೋಡಿ ಕಟ್ದೆ. ಒಡೆತ ಕಮ್ಮಿ ಆಯ್ತಾ ಇಲ್ವಾ, ಅಮ್ಮಾವ್ರುನ್ನೇ ಕೇಳಿ" ಎಂದ ಮಂಜಣ್ಣ.

ದಿನೇಶನನ್ನು ನೋಡಿದೆ. "ಆ ತಂತಿ ನಿನ್ನ ಕಣ್ಣಿಗೆ ಬಿದ್ದಿತ್ತೇನಪ್ಪಾ?"

"ಬಿದ್ದಿತ್ತು ಸಾ. ಮೊನ್ನೆ ಒಂದ್ ನಟ್ ಬಿಚ್ಬೇಕಾದ್ರೆ ಚಿಟಿಕ್ ಅಂತ ಕಿಡಿನೂ ಬಂತು. ಕರೆಂಟ್ ನಮ್ದಲ್ಲ ಅಂತ ಸುಮ್ನಾದೆ."

ಕಿಡಿ ಕಂಡವನು ಸುಮ್ಮನಾದನಂತೆ! ತಾಂತ್ರಿಕವಾಗಿ ವಿವರಿಸಲು ಹೊರಟವನು ಅಲ್ಲಿಗೇ ಬಿಟ್ಟೆ. ನೆಲದ ಮೇಲೆ ಒಂದು ಚೊಂಬು ನೀರು ಸುರಿದೆ. ನಲ್ಲಿಯ ಮುಂದಿದ್ದ ಮಣೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದೆ.

"ಸರಿ, ಯಾರ ತಪ್ಪೂ ಇಲ್ಲ. ಕೆಲಸ ಎಲ್ಲ ಚೆನ್ನಾಗಿದೆ. ಹಾಗಾದರೆ ನಿಮ್ಮಲ್ಲಿ ಒಬ್ಬರು ಬರಿಗಾಲಲ್ಲಿ ಇಲ್ಲಿ ನಿಂತು ಆ ನಲ್ಲಿ ತಿರುಗಿಸಿ. ಈ ಹುಡುಗಿ ದಿನಾ ತಿರುಗಿಸುವುದನ್ನು ನೀವು ಒಂದು ಸಲ ತಿರುಗಿಸಿ."

ಮಂಜಣ್ಣ ಬಾಗಿಲ ಕಡೆ ನೋಡಿದ. ದಿನೇಶ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟ. ಕರೆಂಟಿನ ವಿಚಾರವೇ ಗೊತ್ತಿಲ್ಲದ ರಂಗಸ್ವಾಮಿ, ನೀರು ತನ್ನ ಕಡೆ ಹರಿದು ಬಂದದ್ದೇ ತಡ, ಮಣೆಯ ಮೇಲೆ ಹತ್ತಿ ನಿಂತುಬಿಟ್ಟ. ಮೇನ್ ಸ್ವಿಚ್ ಮಧ್ಯಾಹ್ನದಿಂದ ಆಫ್ ಆಗಿಯೇ ಇತ್ತು ಎಂದು ನಾನು ಹೇಳಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅತ್ತೆ ಗೌರಮ್ಮನವರು ಅವನನ್ನೇ ನೋಡುತ್ತಿದ್ದರು. "ಅಂದ್ರೆ ನಿಮ್ಗೆಲ್ಲ ಗೊತ್ತಿತ್ತು" ಎಂದರು. "ನಿಮ್ ಪ್ರಾಣುಕ್ಕಾದ್ರೆ ಎದ್ರುಕತೀರ. ನನ್ ಸೊಸೆ ಒಟ್ಟೇಲಿ ಕೂಸು ಇಟ್ಕಂಡು ನಿಂತ್ಕಬೇಕಾ?" ಆಮೇಲೆ ಗಂಡನ ಕಡೆ ತಿರುಗಿದರು. "ನೀವೂ ಅಷ್ಟೆಯ." ಮಣೆ ಹಾಕಿದ್ದು ತಾವೇ ಎಂಬುದು ನೆನಪಾಯಿತೋ ಏನೋ, ಅಲ್ಲೇ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಸವಿತಾ ಹೋಗಿ ಪಕ್ಕದಲ್ಲಿ ಕೂತಳು.

ಮಾರನೆಯ ದಿನ ಗ್ಯಾಸ್ ಬಿಡಬಾರದು ಎಂದು ಗುತ್ತಿಗೆದಾರನಿಗೆ ಫೋನಿನಲ್ಲೇ ಹೇಳಿದೆ. ಮುಂದಿನ ವಾರ ಸೀಮಂತ, ಹೊಸ ಅರ್ಥಿಂಗಿಗೆಂದು ಈಗ ಟೈಲ್ಸ್ ಒಡೆಯುವುದು ಹೇಗೆ ಎಂದು ನಂಜುಂಡಪ್ಪನವರು ರಾಗ ಎಳೆದರು. ಗೌರಮ್ಮನವರು ಹಾರೆ ತಂದು ಹಿತ್ತಲಲ್ಲಿ ಇಟ್ಟರು. ಗುಂಡಿ ತೋಡಿ ಸರಿಯಾದ ಅರ್ಥಿಂಗ್ ಮಾಡಿಸಿದೆವು. ಗೀಸರ್ ಬದಲಾಯಿತು, ಇಎಲ್‌ಸಿಬಿ ವಾಪಸ್ ಬಂತು. ಗ್ಯಾಸ್ ಪೈಪಿನ ತಂತಿಯನ್ನು ಮಂಜಣ್ಣನ ಕೈಯಲ್ಲೇ ಬಿಚ್ಚಿಸಿದೆ. ಎಲ್ಲ ಮುಗಿದು ನಾನು ಮೀಟರ್ ಹಿಡಿದು ನೋಡಿದ ಮೇಲೆಯೇ ಗ್ಯಾಸ್ ಬಂತು.

ಪೈಪಿಗೆ ಕೈ ಹಾಕುವವನು ಅದು ನೀರಿನದಾಗಲಿ ಗ್ಯಾಸಿನದಾಗಲಿ, ಅದಕ್ಕೆ ಸುತ್ತಿರುವ ತಂತಿ ಯಾತಕ್ಕೆ ಎಂದು ಮೊದಲು ಕೇಳಬೇಕು. ಗೊತ್ತಿಲ್ಲದಿದ್ದರೆ ಗೊತ್ತಿರುವವನು ಬರುವ ತನಕ ಕೆಲಸ ನಿಲ್ಲಿಸಬೇಕು. ಇಷ್ಟನ್ನು ನಾನು ನಾಲ್ಕು ತಾಲ್ಲೂಕಿನಲ್ಲೂ ಗಂಟಲು ಹರಿದುಕೊಂಡು ಹೇಳಿದ್ದೇನೆ. ಕೇಳಿದವರು ಎಷ್ಟು ಮಂದಿಯೋ. ಸತ್ತ ಮೇಲೆ ಮಾತ್ರ ಎಲ್ಲರೂ ಕೇಳಿಸಿಕೊಳ್ಳುತ್ತಾರೆ.

ಸೀಮಂತಕ್ಕೆ ನನ್ನನ್ನೂ ಕರೆದಿದ್ದರು. ಅದೇ ಮಣೆಯನ್ನು ತೊಳೆದು, ರಂಗೋಲಿ ಬರೆದು, ಅದರ ಮೇಲೆ ಸವಿತಾಳನ್ನು ಕೂರಿಸಿದ್ದರು. ನನ್ನನ್ನು ಕಂಡು ನಕ್ಕಳು. "ಸಾ, ಇವತ್ತು ಕೂತ್ಕಂಡಿವ್ನಿ."

ಊಟವಾದ ಮೇಲೆ ಕೈ ತೊಳೆಯಲು ಅಡುಗೆ ಮನೆಯ ನಲ್ಲಿಗೆ ಹೋದೆ. ಅರ್ಥಿಂಗ್ ಮಾಡಿಸಿದವನು ನಾನೇ, ಪರೀಕ್ಷೆ ಮಾಡಿದವನೂ ನಾನೇ. ಆದರೂ ಮೊದಲು ಹಿಂಗೈ ಮುಟ್ಟಿಸಿ ನೋಡಿಯೇ ನಲ್ಲಿ ತಿರುಗಿಸಿದೆ. ಈ ಮಧ್ಯೆ ಯಾರು ಬಂದು ಏನು ಬಿಚ್ಚಿ ಹೋಗಿದ್ದಾರೋ ಯಾರಿಗೆ ಗೊತ್ತು.