ಅಕ್ಕ ಮಾತ್ರೆ ಬಿಟ್ಟ ವಾರ

ಅಲ್ಲ, ಅದು ಮಂಗಳವಾರ ಇರಬೇಕು. ಮನೆಯವರೆಲ್ಲ ಶುಕ್ರವಾರ ಎನ್ನುತ್ತಾರೆ, ದೇವಿ ಮೈಮೇಲೆ ಬರುವುದಕ್ಕೆ ಶುಕ್ರವಾರವೇ ಒಪ್ಪುತ್ತದೆ ಎಂದು. ನನ್ನ ನೆನಪನ್ನೂ ನಂಬಲಾರೆ. ಯಾವುದು ಕಂಡದ್ದು, ಯಾವುದು ಕೇಳಿದ್ದು ಎಂಬುದು ಕಲಸಿಹೋಗಿದೆ.

ಇಷ್ಟು ನಿಜ. ತೊಂಬತ್ತರ ದಶಕ. ಪಾಂಡವಪುರಕ್ಕೆ ಕೊಟ್ಟಿದ್ದ ನನ್ನ ಅಕ್ಕ, ಎದೆ ಹೊಡೆದುಕೊಳ್ಳುತ್ತದೆ, ಗಾಬರಿ ಎಂದದ್ದಕ್ಕೆ ಮೈಸೂರಿನ ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗುತ್ತಿದ್ದಳು. ತಿಂಗಳಿಗೆಂದು ಬರೆದದ್ದು ವರ್ಷ ದಾಟಿತ್ತು. ಔಷಧಿ ಅಂಗಡಿಯವನು ಚೀಟಿ ಕೇಳುವುದನ್ನೇ ಬಿಟ್ಟಿದ್ದ. ಗಾಬರಿ ನಿಂತಿತ್ತು, ಹೌದು. ಆದರೆ ಹಾಲು ಉಕ್ಕಿದರೆ ಸುಮ್ಮನೆ ನೋಡುತ್ತ ನಿಲ್ಲುವಳು. ಪಾಠ ಹೇಳಲು ಹೊರಟವಳು ಬಸ್ಸಿನಲ್ಲಿ ತೂಕಡಿಸಿ, ತನ್ನ ಶಾಲೆಯಿದ್ದ ಊರು ದಾಟಿ, ಕೆ.ಆರ್. ಪೇಟೆಯಲ್ಲಿ ಇಳಿಯುವಳು.

ಅವಳ ಅತ್ತೆ ದಿನಕ್ಕೊಂದೇ ಊಟದ ವ್ರತ ಹಿಡಿಸಿದರು. "ಒಪ್ಪತ್ತು ಇದ್ಕಂಡು ಮಾತ್ರೆ ನುಂಗಿದ್ರೆ ವ್ರತ ಕೆಡ್ತದೆ ಕಣವ್ವ. ದ್ಯಾವ್ರ ಮ್ಯಾಲೆ ಬಾರ ಹಾಕಿ ಬುಟ್ಬುಡು."

ಒಂದೇ ಸಲಕ್ಕೆ ಬಿಟ್ಟಳು.

ನಾಲ್ಕೈದು ದಿನಕ್ಕೆ ನಾಗಮಂಗಲದಿಂದ ನಾನು ಹೋಗುವ ಹೊತ್ತಿಗೆ ನಿದ್ದೆಯಿಲ್ಲದೆ ಅವಳ ಕಣ್ಣು ಕೆಂಪಾಗಿದ್ದವು. ಬೆವರು, ಕೈನಡುಕ. ಸಂಜೆ ದೀಪದ ಮುಂದೆ ಕೂತವಳ ಮೈಯೆಲ್ಲ ಅದುರತೊಡಗಿತು.

"ಅವ್ವ ಬಂದವ್ಳೆ ಕಣ್ರಪ್ಪೋ" ಎಂದರು ಯಾರೋ. ಬೇವಿನಸೊಪ್ಪು, ಅರಿಶಿನದ ನೀರು ಬಂದವು. ಪಕ್ಕದ ಮನೆಯ ಗೌಡರು ಕೈಮುಗಿದು, "ತಾಯಿ, ನಮ್ಮೆಮ್ಮೆ ಈ ಸಲನಾದ್ರೂ ಗಬ್ಬ ನಿಲ್ತದಾ?" ಎಂದು ಕೇಳಿದರು.

"ಎಮ್ಮೆನೇ ಕೇಳೋಗಿ" ಎಂದಳು ಅಕ್ಕ, ಹಲ್ಲು ಕಟಕಟಿಸುತ್ತ.

"ಅವ್ವಂಗೂ ನಿಮ್ಮ ಕಾಟ ಸಾಕಾಗೈತೆ, ಏಳಿ ಮ್ಯಾಕೆ" ಎಂದರು ಗೌಡರ ಹೆಂಡತಿ. ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ.

ಆಗಲೇ ಅವಳು ಪಕ್ಕಕ್ಕೆ ಬಿದ್ದು ಸೆಟೆದುಕೊಂಡಳು. ತುಟಿಯಲ್ಲಿ ರಕ್ತ. ಗದ್ದೆಯಿಂದ ಓಡಿಬಂದ ಭಾವ ಮೈಸೂರಿಗೆ ಒಯ್ಯಲು ಬಾಡಿಗೆ ಕಾರು ತರಿಸಿದರು. ಕಿರಂಗೂರು ದಾಟುವಾಗ ಮತ್ತೊಮ್ಮೆ ಸೆಟೆದಳು. ಶ್ರೀರಂಗಪಟ್ಟಣದಲ್ಲಿ ಕಬ್ಬಿನ ಗಾಡಿಗಳ ಸಾಲು, ದಾರಿಯಿಲ್ಲ. ಉಸಿರಿದೆಯೇ ಎಂದು ಅವಳ ಮೂಗಿನ ಬಳಿ ಬೆರಳು ಹಿಡಿದೇ ಇದ್ದೆ.

"ದೇವರೂ ಅಲ್ಲ, ದೆವ್ವಾನೂ ಅಲ್ಲ" ಎಂದರು ಆಸ್ಪತ್ರೆಯ ಡಾಕ್ಟರು. "ಇಷ್ಟು ದಿನ ತಗೊಂಡಿದ್ದನ್ನ ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ್ರೆ ಫಿಟ್ಸ್ ಬರುತ್ತೆ. ಜೀವಾನೇ ಹೋಗ್ಬಹುದು. ಯಾರನ್ನ ಕೇಳಿ ಬಿಡಿಸಿದ್ರಿ?"

ಅಕ್ಕ ಉಳಿದಳು. ಮತ್ತೆ ಮಾತ್ರೆ ಶುರುಮಾಡಿ, ಸ್ವಲ್ಪಸ್ವಲ್ಪವೇ ಇಳಿಸುತ್ತ, ಎಷ್ಟೋ ತಿಂಗಳಿಗೆ ಬಿಡಿಸಿದರು. ಆ ಸಂಜೆಯದು ಅವಳಿಗೆ ಒಂದೂ ನೆನಪಿಲ್ಲ.

ಮೊದಲು ಅವಳು ಅಷ್ಟು ಹೆದರಿದ್ದು ಯಾವುದಕ್ಕೆ? ಬಹಳ ತಡವಾಗಿ ಒಮ್ಮೆ ಕೇಳಿದೆ. "ಏನೋಪ್ಪ, ಆಗ ಇತ್ತು" ಎಂದು ಒಳಗೆ ಹೋದಳು. ಅದೇನೆಂದು ನನಗೆ ಗೊತ್ತಿಲ್ಲ. ಅದು ಈಗ ಇಲ್ಲವೆಂದೂ ಹೇಳಲಾರೆ.